ಹನ್ನೆರಡು ನಡೆಗಳ ಒಂದು ಆಟ ಮತ್ತು ಲಿಚೆಸ್‌ನ ವಿಶ್ಲೇಷಣಾ ಹಲಗೆ: ಓಪನಿಂಗ್ ಕಲಿಯುವವರಿಗಾಗಿ ವಿಮರ್ಶೆ

ಚೆಸ್ ಆಟ ಮುಗಿದ ಮರುಕ್ಷಣವೇ ಎಂಜಿನ್ (ನಡೆಗಳ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಆನ್ ಮಾಡಿ ಯಾರು ಎಲ್ಲಿ ಎಡವಿದರು ಎಂದು ನೋಡುವುದು ಹವ್ಯಾಸಿ ಆಟಗಾರರಲ್ಲಿ ಬೇರೂರಿದ ಅಭ್ಯಾಸ. ಲಿಚೆಸ್ ಎಂಬ ಚೆಸ್ ತಾಣದಲ್ಲಿ ಅದಕ್ಕೆ ಒಂದು ಸ್ವಿಚ್ ಒತ್ತಿದರೆ ಸಾಕು. ಆದರೆ ಓಪನಿಂಗ್, ಅಂದರೆ ಆಟದ ಆರಂಭದ ನಡೆಗಳನ್ನು, ಕಲಿಯುವವರಿಗೆ ಅಲ್ಲಿನ ವಿಶ್ಲೇಷಣಾ ಹಲಗೆಯಲ್ಲಿ ಹೆಚ್ಚು ಬೆಲೆಬಾಳುವುದು ಎಂಜಿನ್ ಅಲ್ಲ, ಅದರ ಹತ್ತಿರವೇ ಪುಸ್ತಕದ ಚಿತ್ರ ಹೊತ್ತು ಕೂತಿರುವ ಓಪನಿಂಗ್ ಎಕ್ಸ್‌ಪ್ಲೋರರ್. ಮೊದಲು ಎಕ್ಸ್‌ಪ್ಲೋರರ್, ಆಮೇಲೆ ಸ್ವಂತ ಲೆಕ್ಕಾಚಾರ, ಎಲ್ಲಕ್ಕೂ ಕೊನೆಗೆ ಎಂಜಿನ್. ಈ ಕ್ರಮ ತಪ್ಪಿದರೆ ಇಷ್ಟು ಒಳ್ಳೆಯ ಸಲಕರಣೆ ಕೈಲಿದ್ದೂ ಕಲಿಯುವುದು ಬಹಳ ಕಡಿಮೆ. ಹಾಗೆಂದು ಬರೀ ಹೇಳಿದರೆ ಸಾಲದು, ಇಬ್ಬರು ಸಾಧಾರಣ ಆಟಗಾರರು ಆಡುವಂಥ ಒಂದು ಪುಟ್ಟ ಆಟವನ್ನೇ ಹಲಗೆಯ ಮೇಲಿಟ್ಟು ಪ್ರತಿಯೊಂದು ಸಲಕರಣೆಯನ್ನೂ ಪರೀಕ್ಷಿಸೋಣ.

ಲಿಚೆಸ್ ಬಗ್ಗೆ ತಿಳಿದಿರಬೇಕಾದಷ್ಟು: 2010ರಲ್ಲಿ ಫ್ರಾನ್ಸಿನ ತಿಬೋ ಡ್ಯುಪ್ಲೆಸಿ ಶುರು ಮಾಡಿದ ತಾಣ. ಈಗ ಲಾಭರಹಿತ ಸಂಸ್ಥೆಯಾಗಿ, ದೇಣಿಗೆಯಿಂದ ನಡೆಯುತ್ತಿದೆ. ಜಾಹೀರಾತಿಲ್ಲ, ಇದರ ಕೋಡ್ ಎಲ್ಲರಿಗೂ ಮುಕ್ತ. ದುಡ್ಡು ಕೊಟ್ಟವರಿಗೆ ಹೆಸರಿನ ಪಕ್ಕ ಒಂದು ರೆಕ್ಕೆಯ ಗುರುತು ಸಿಗುತ್ತದೆಯೇ ಹೊರತು ಹೆಚ್ಚಿನ ಸಲಕರಣೆ ಯಾವುದೂ ಇಲ್ಲ. ಅಂದರೆ ಇಲ್ಲಿ ಬರೆದಿರುವ ಎಲ್ಲವೂ ಯಾರು ಬೇಕಾದರೂ ಇವತ್ತೇ ಮಾಡಿ ನೋಡಬಹುದಾದವು.

ಆಟ ಇದು. ಬಿಳಿ ಮತ್ತು ಕಪ್ಪು, ಇಬ್ಬರೂ ಹವ್ಯಾಸಿಗಳು ಎಂದುಕೊಳ್ಳಿ. × ಎಂದರೆ ಆ ಮನೆಯ ಕಾಯಿಯನ್ನು ಹೊಡೆಯುವುದು, ಕಾಯಿಯ ಹೆಸರಿಲ್ಲದ ನಡೆ ಕಾಲಾಳಿನದು.

1. ಇ4 – ಇ5
2. ಕುದುರೆ ಎಫ್3 – ಕುದುರೆ ಸಿ6
3. ಒಂಟೆ ಸಿ4 – ಕುದುರೆ ಎಫ್6
4. ಕುದುರೆ ಜಿ5 – ಡಿ5
5. ಇ×ಡಿ5 – ಕುದುರೆ×ಡಿ5
6. ಕುದುರೆ×ಎಫ್7 – ರಾಜ×ಎಫ್7
7. ರಾಣಿ ಎಫ್3 ಚೆಕ್ – ರಾಜ ಇ6
8. ಒಂಟೆ×ಡಿ5 ಚೆಕ್ – ರಾಣಿ×ಡಿ5
9. ರಾಣಿ×ಡಿ5 ಚೆಕ್ – ರಾಜ×ಡಿ5
10. ಕುದುರೆ ಸಿ3 ಚೆಕ್ – ರಾಜ ಇ6
11. ರಾಜನ ಕಡೆ ಕ್ಯಾಸ್ಲಿಂಗ್ – ಕುದುರೆ ಡಿ4
12. ಆನೆ ಇ1 – ಕುದುರೆ×ಸಿ2, ಬಿಳಿ ಸೋಲೊಪ್ಪಿತು.

ಕೊನೆಯ ನಡೆಯಲ್ಲಿ ಸಿ2ಕ್ಕೆ ಇಳಿದ ಕುದುರೆ ಎ1 ಮತ್ತು ಇ1ರ ಎರಡೂ ಆನೆಗಳಿಗೆ ಫೋರ್ಕ್ ಹಾಕಿದೆ, ಅಂದರೆ ಎರಡರ ಮೇಲೂ ಒಟ್ಟಿಗೇ ಏಟು. ಮೊದಲೇ ಒಂದು ಕಾಯಿ ಕಡಿಮೆಯಿದ್ದ ಬಿಳಿಗೆ ಇನ್ನು ಒಂದು ಆನೆಯೂ ಹೋದರೆ ಆಡಲು ಉಳಿದದ್ದೇನೂ ಇಲ್ಲ.

ಮೊದಲ ಕೆಲಸ ಆಟವನ್ನು ಒಳಗೆ ಹಾಕುವುದು. ಲಿಚೆಸ್‌ನಲ್ಲೇ ಆಡಿದ್ದಾದರೆ ಆಟ ಮುಗಿದ ಪುಟದಲ್ಲೇ ವಿಶ್ಲೇಷಣೆಯ ಕೊಂಡಿ ಇರುತ್ತದೆ. ಹಲಗೆಯ ಮುಂದೆ ಕೂತು ಆಡಿ ಕಾಗದದಲ್ಲಿ ಬರೆದದ್ದಾದರೆ ಟೂಲ್ಸ್ ಪಟ್ಟಿಯಲ್ಲಿ ಆಟ ಇಂಪೋರ್ಟ್ ಮಾಡುವ ಜಾಗಕ್ಕೆ ಪಿಜಿಎನ್ (ನಡೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಪಠ್ಯರೂಪ) ಅಂಟಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ, ಅದೂ ಎರಡೇ ಕಾರಣಕ್ಕೆ. ಒಂದು, ಒಂಟೆಗೆ ಇಂಗ್ಲಿಷಿನ ದೊಡ್ಡ ‘ಬಿ’, ಬಿ ಸಾಲಿನ ಕಾಲಾಳಿಗೆ ಸಣ್ಣ ‘ಬಿ’. ಈ ಓಪನಿಂಗ್‌ನಲ್ಲಿ ಸಿ6 ಮನೆಯನ್ನು ಕಾಲಾಳೂ ಹೊಡೆಯುತ್ತದೆ, ಒಂಟೆಯೂ ಹೊಡೆಯುತ್ತದೆ, ಹಾಗಾಗಿ ಅಕ್ಷರ ಅದಲುಬದಲಾದರೆ ಮುಂದಿನ ಸಾಲೆಲ್ಲ ಬುಡಮೇಲು. ಇನ್ನೊಂದು, ಪಿಜಿಎನ್ ಮಾನದಂಡದ ಪ್ರಕಾರ ಕ್ಯಾಸ್ಲಿಂಗ್‌ಗೆ ಬರೆಯಬೇಕಾದ್ದು ಸೊನ್ನೆಯಲ್ಲ, ಇಂಗ್ಲಿಷಿನ ದೊಡ್ಡ ‘ಓ’. ಇಂಪೋರ್ಟ್ ಅರ್ಧಕ್ಕೇ ನಿಂತರೆ ನಿಂತ ನಡೆಯನ್ನಲ್ಲ, ಅದಕ್ಕಿಂತ ಒಂದೆರಡು ನಡೆ ಹಿಂದಿನದನ್ನು ಪರೀಕ್ಷಿಸಿ. ತಪ್ಪು ಸಾಮಾನ್ಯವಾಗಿ ಅಲ್ಲಿರುತ್ತದೆ.

ಆಟ ಒಳಗೆ ಬಂದಮೇಲೆ ಎಂಜಿನ್ ಸ್ವಿಚ್ ಆಫ್ ಇರಲಿ. ಬಾಣದ ಕೀಲಿ ಒತ್ತುತ್ತ ಒಂದೊಂದೇ ನಡೆ ಮುಂದೆ ಹೋದರೆ ಹಲಗೆಯ ಪಕ್ಕದಲ್ಲಿ ಓಪನಿಂಗ್ ಹೆಸರು ಬದಲಾಗುವುದು ಕಾಣುತ್ತದೆ. ಮೂರನೇ ನಡೆಗೆ ಇಟಾಲಿಯನ್ ಗೇಮ್, ಕಪ್ಪಿನ ಉತ್ತರಕ್ಕೆ ಟು ನೈಟ್ಸ್ ಡಿಫೆನ್ಸ್, ನಾಲ್ಕನೆಯದಕ್ಕೆ ನೈಟ್ ಅಟ್ಯಾಕ್, ಆರನೆಯದಕ್ಕೆ ಫ್ರೈಡ್ ಲಿವರ್ ಅಟ್ಯಾಕ್, ಜೊತೆಗೆ ಓಪನಿಂಗ್ ವರ್ಗೀಕರಣದ ಸಿ57 ಎಂಬ ಸಂಕೇತ. ಇದು ಹೊಸದೇನಲ್ಲ, ಸುಮಾರು 1610ರ ಹೊತ್ತಿಗೇ ಇಟಲಿಯ ಜೂಲಿಯೊ ಚೇಸಾರೆ ಪೊಲೇರಿಯೊ ಆಡಿದ್ದೆಂದು ದಾಖಲಾಗಿರುವ ದಾಳಿ. ಹೆಸರು ತಿಳಿಯುವುದು ಒಳ್ಳೆಯದೇ, ಹುಡುಕಲು ಅನುಕೂಲ. ಆದರೆ ಹೆಸರು ಕಂಡಷ್ಟು ಹೊತ್ತು ಎರಡೂ ಕಡೆಯವರು ಸರಿಯಾಗಿ ಆಡುತ್ತಿದ್ದಾರೆ ಎಂದುಕೊಳ್ಳಬಾರದು. ಫ್ರೈಡ್ ಲಿವರ್ ಎಂಬ ಹೆಸರು ಬಂತೆಂದರೆ ಕಪ್ಪು ಆಗಲೇ ಐದನೇ ನಡೆಯಲ್ಲಿ ತಪ್ಪಿಯಾಗಿದೆ. ಹೆಸರಿನ ಪಟ್ಟಿ ಆ ಮಾತನ್ನು ಹೇಳುವುದಿಲ್ಲ, ಅದಕ್ಕೆ ಎಕ್ಸ್‌ಪ್ಲೋರರ್ ಬೇಕು.

ಪುಸ್ತಕದ ಚಿತ್ರ ಒತ್ತಿದರೆ ಮೂರು ವಿಭಾಗ ತೆರೆಯುತ್ತವೆ. ಮಾಸ್ಟರ್ಸ್ ವಿಭಾಗದಲ್ಲಿ 1952ರಿಂದೀಚೆಗೆ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ರೇಟಿಂಗ್ 2200 ದಾಟಿದ ಆಟಗಾರರು ಎದುರುಬದುರು ಕೂತು ಆಡಿದ ಸುಮಾರು 20 ಲಕ್ಷ ಆಟಗಳಿವೆ. ಲಿಚೆಸ್ ವಿಭಾಗದಲ್ಲಿ ಈ ತಾಣದಲ್ಲೇ ನಡೆದ ರೇಟೆಡ್ ಆಟಗಳು. ಪ್ಲೇಯರ್ ವಿಭಾಗದಲ್ಲಿ ಒಬ್ಬ ಆಟಗಾರನ ಬಳಕೆದಾರ ಹೆಸರು ಮತ್ತು ಬಣ್ಣ ಕೊಟ್ಟರೆ ಅವನೊಬ್ಬನದೇ ಆಟಗಳು. ಇದು ಮೊದಲ ಸಲ ಪಟ್ಟಿ ಕಟ್ಟಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಂಕಿ ಏರುತ್ತಿರುವಾಗಲೇ ತೀರ್ಮಾನಕ್ಕೆ ಬರಬೇಡಿ. ಯಾವ ವಿಭಾಗವಾದರೂ ಪ್ರತಿ ನಡೆಯ ಮುಂದೆ ಎಷ್ಟು ಆಟ, ಬಿಳಿ ಗೆಲುವು, ಡ್ರಾ, ಕಪ್ಪು ಗೆಲುವು ಎಂಬ ಮೂರು ಬಣ್ಣದ ಪಟ್ಟಿ. ಲೆಕ್ಕ ನಿಲ್ಲುವುದು ಕಾಯಿಗಳು ಕೂತ ಸ್ಥಿತಿಯ ಮೇಲೆ, ನಡೆಗಳ ಅನುಕ್ರಮದ ಮೇಲಲ್ಲ. ಬೇರೆ ದಾರಿಯಿಂದ ಇದೇ ಸ್ಥಿತಿಗೆ ಬಂದ ಆಟಗಳೂ ಇಲ್ಲಿ ಸೇರುತ್ತವೆ, ಇದು ಬಹಳ ಉಪಯೋಗದ ಗುಣ.

ಈಗ ಐದನೇ ನಡೆಗೆ ಬನ್ನಿ. ಬಿಳಿ ಇ×ಡಿ5 ಹೊಡೆದಾಗಿದೆ, ಕಪ್ಪು ಏನು ಮಾಡಬೇಕು? ಮಾಸ್ಟರ್ಸ್ ವಿಭಾಗದಲ್ಲಿ ಬಹುತೇಕ ಎಲ್ಲರೂ ಕುದುರೆಯನ್ನು ಎ5ಕ್ಕೆ ಒಯ್ದಿದ್ದಾರೆ. ಲಿಚೆಸ್ ವಿಭಾಗಕ್ಕೆ ಬದಲಿಸಿ ರೇಟಿಂಗ್ ಕೆಳಕ್ಕಿಳಿಸಿದಂತೆ ಚಿತ್ರವೇ ಬೇರೆ: ಡಿ5 ಕಾಲಾಳನ್ನು ಕುದುರೆಯಿಂದ ಹೊಡೆಯುವವರು ಗುಂಪುಗುಂಪಾಗಿ ಕಾಣುತ್ತಾರೆ, ನಮ್ಮ ಆಟದ ಕಪ್ಪಿನಂತೆ. ಈ ಎರಡು ಪಟ್ಟಿಗಳ ನಡುವಿನ ಅಂತರವೇ ಪಾಠ. ಹವ್ಯಾಸಿಯ ಕಣ್ಣಿಗೆ ಹೋದ ಕಾಲಾಳನ್ನು ವಾಪಸ್ ಪಡೆಯುವುದು ಸಹಜ, ಕುದುರೆಯನ್ನು ಹಲಗೆಯ ಅಂಚಿಗೆ ತಳ್ಳುವುದು ಅಸಹಜ. ಅನುಭವಿಗಳು ಆ ಅಸಹಜವನ್ನೇ ಯಾಕೆ ಆರಿಸುತ್ತಾರೆ ಎಂದು ಎಂಜಿನ್ ಹಚ್ಚದೆ ಹುಡುಕಿದರೆ ಉತ್ತರ ಹಲಗೆಯಲ್ಲೇ ಇದೆ. ಜಿ5 ಕುದುರೆ, ಸಿ4 ಒಂಟೆ ಎರಡೂ ಎಫ್7ರ ಮೇಲೆ ಕಣ್ಣಿಟ್ಟಿವೆ, ಆ ಮನೆಯನ್ನು ಕಾಯುವುದು ರಾಜ ಒಬ್ಬನೇ. ಕುದುರೆ ಎ5ಕ್ಕೆ ಹೋದರೆ ಸಿ4 ಒಂಟೆಗೇ ಏಟು. ಒಂಟೆ ಕದಲಲೇಬೇಕು, ದಾಳಿಯ ಒಂದು ಕಾಲು ಮುರಿದಂತೆ. ಮುಂದೆ 6. ಒಂಟೆ ಬಿ5 ಚೆಕ್, ಸಿ6, 7. ಡಿ×ಸಿ6, ಬಿ×ಸಿ6 ಆಗಿ ಒಂಟೆ ಮತ್ತೆ ಜಾಗ ಹುಡುಕಬೇಕು. ಕಪ್ಪಿಗೆ ಒಂದು ಕಾಲಾಳು ಕಡಿಮೆ, ಬದಲಿಗೆ ಕಾಯಿಗಳು ಬೇಗ ಹೊರಬರುತ್ತವೆ, ಎಚ್6 ಆಡಿ ಜಿ5 ಕುದುರೆಯನ್ನು ಓಡಿಸಬಹುದು.

ಒಂದು ಮಾತು ಇಲ್ಲಿ ಹೇಳಲೇಬೇಕು. ಇಷ್ಟೆಲ್ಲ ಬೇಡವೆನ್ನುವವರು ಮೂರನೇ ನಡೆಗೇ ಹಿಂತಿರುಗಿ ಎಕ್ಸ್‌ಪ್ಲೋರರ್‌ನಲ್ಲಿ ಒಂಟೆ ಸಿ5 ನೋಡಿ. ಆಗ ಬಿಳಿ ಕುದುರೆ ಜಿ5ಕ್ಕೆ ಬಂದರೆ ಡಿ8ರಿಂದ ರಾಣಿ ನೇರ ಬಂದು ಅದನ್ನು ಹೊಡೆದುಬಿಡುತ್ತದೆ, ಏಕೆಂದರೆ ಇ7, ಎಫ್6 ಎರಡೂ ಖಾಲಿ. ನಮ್ಮ ಆಟದಲ್ಲಿ ಕಪ್ಪಿನ ಕುದುರೆಯೇ ಎಫ್6ರಲ್ಲಿ ಕೂತು ರಾಣಿಯ ದಾರಿಯನ್ನು ಮುಚ್ಚಿತ್ತು. ಇಡೀ ಫ್ರೈಡ್ ಲಿವರ್ ಹುಟ್ಟುವುದು ಈ ಒಂದು ಮನೆಯಿಂದ.

ಲಿಚೆಸ್ ವಿಭಾಗದ ಫಿಲ್ಟರ್ ಸರಿಯಾಗಿ ಇಡದಿದ್ದರೆ ಇದೆಲ್ಲ ಕೆಡುತ್ತದೆ. ಗೇರ್ ಚಿಹ್ನೆ ಒತ್ತಿ ಎರಡು ಸಂಗತಿ ಬದಲಿಸಿ. ಸಮಯದ ಸಾಲಿನಲ್ಲಿ ಅತಿವೇಗದ ಬುಲೆಟ್, ಬ್ಲಿಟ್ಜ್ ತೆಗೆದು ರ‍್ಯಾಪಿಡ್, ಕ್ಲಾಸಿಕಲ್ ಮಾತ್ರ ಬಿಡಿ. ಒಂದು ನಿಮಿಷದ ಆಟದಲ್ಲಿ ಗಡಿಯಾರಕ್ಕೆ ಸೋತವರ ಫಲಿತಾಂಶ ಓಪನಿಂಗ್‌ನ ಖಾತೆಗೆ ಬೀಳಬಾರದು. ರೇಟಿಂಗ್ ಸಾಲಿನಲ್ಲಿ ನಿಮ್ಮ ಮಟ್ಟ ಮತ್ತು ಅದರ ಮೇಲಿನ ಒಂದು ಮಟ್ಟ, ಅಷ್ಟೇ. 1400 ಎಂದು ಕಾಣುವ ಗುಂಡಿಯ ಅರ್ಥ 1400ರಿಂದ 1600ರವರೆಗೆ, ಅದೂ ಇಬ್ಬರು ಆಟಗಾರರ ಸರಾಸರಿ. ರೇಟಿಂಗ್ ಲೆಕ್ಕಕ್ಕೆ ಲಿಚೆಸ್ ಬಳಸುವುದು ಗ್ಲಿಕೊ-2 ಪದ್ಧತಿ, ಹೊಸಬರ ಅಂಕ 1500ರಿಂದ ಶುರು. ಹಾಗಾಗಿ ಬೇರೆ ಕಡೆಯ ನಿಮ್ಮ ರೇಟಿಂಗ್ ತಂದು ಇಲ್ಲಿ ಹಾಕಬೇಡಿ, ಲಿಚೆಸ್‌ನಲ್ಲಿನ ನಿಮ್ಮ ಅಂಕವನ್ನೇ ಬಳಸಿ.

ಇನ್ನು ಶೇಕಡಾವಾರು ಓದುವ ಬಗೆ. ಒಂದು ನಡೆಯ ಮುಂದೆ 20 ಆಟ, ಬಿಳಿ ಗೆಲುವು 60 ಶೇಕಡಾ ಎಂದಿದೆ ಎಂದಿಟ್ಟುಕೊಳ್ಳಿ. 20 ಆಟಕ್ಕೆ ಆ ಅಂಕಿಯ ಏರುಪೇರು ಎರಡೂ ಕಡೆಗೆ ಸುಮಾರು 22. ಅಂದರೆ ನಿಜವಾದ ಅಂಕಿ 38 ಇರಬಹುದು, 82 ಇರಬಹುದು, ಅದರಿಂದ ಏನೂ ಹೇಳಲಾಗದು. ಅದೇ 60 ಶೇಕಡಾ 400 ಆಟಗಳಿಂದ ಬಂದಿದ್ದರೆ ಏರುಪೇರು 5ಕ್ಕೆ ಇಳಿಯುತ್ತದೆ. ಆಗ ಅದನ್ನು ನಂಬಿ ಹೆಜ್ಜೆ ಇಡಬಹುದು. ಫಿಲ್ಟರ್ ಬಿಗಿ ಮಾಡಿದಷ್ಟೂ ಆಟಗಳ ಸಂಖ್ಯೆ ಕುಸಿಯುತ್ತದೆ, ಎಂಟನೇ ಒಂಬತ್ತನೇ ನಡೆ ದಾಟಿದ ಮೇಲಂತೂ ಬಹಳ ಬೇಗ. ಬಣ್ಣದ ಪಟ್ಟಿಯ ಉದ್ದಕ್ಕಿಂತ ಮೊದಲು ಎಡಗಡೆಯ ಸಂಖ್ಯೆ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಎಕ್ಸ್‌ಪ್ಲೋರರ್‌ನ ಮಿತಿ ಎದುರಾಗುವುದು ನಮ್ಮ ಆಟದ ಎಂಟನೇ ನಡೆಯಲ್ಲಿ. ಏಳನೇ ನಡೆಯಲ್ಲಿ ಕಪ್ಪು ರಾಜ ಇ6ಕ್ಕೆ ಬಂದದ್ದು ನೋಡಲು ಹುಚ್ಚಾಟದಂತಿದ್ದರೂ ಸರಿಯಾದ ನಡೆ. ಜಿ8ಕ್ಕೆ ಓಡಿದ್ದರೆ 8. ಒಂಟೆ×ಡಿ5 ಚೆಕ್, ರಾಣಿ×ಡಿ5, 9. ರಾಣಿ×ಡಿ5 ಚೆಕ್, ಒಂಟೆ ಇ6, 10. ರಾಣಿ×ಇ6, ಅಲ್ಲಿಗೆ ಮೇಟ್. ಇ8ಕ್ಕೆ ಹೋಗಿದ್ದರೆ ಬಿಳಿ ಡಿ5 ಕುದುರೆಯನ್ನು ಒಂಟೆಯಿಂದ ಹೊಡೆದು ಕಾಯಿ ವಾಪಸ್ ಪಡೆಯುತ್ತದೆ, ಒಂದು ಕಾಲಾಳು ಲಾಭ, ಮೇಲೆ ಎಫ್7ರಲ್ಲಿ ಮೇಟ್ ಬೆದರಿಕೆ. ಹಾಗಾಗಿ ರಾಜ ತನ್ನ ಕುದುರೆಯನ್ನು ತಾನೇ ಕಾಯಬೇಕಾಯಿತು.

ಈ ಸ್ಥಿತಿಯಲ್ಲಿ ಎಕ್ಸ್‌ಪ್ಲೋರರ್ ತೋರಿಸುವ ಮೊದಲ ನಡೆ ಕುದುರೆ ಸಿ3. ನಮ್ಮ ಬಿಳಿ ಆಡಿದ್ದು ಒಂಟೆ×ಡಿ5. ಯಾವುದು ಸರಿ ಎಂದು ಪಟ್ಟಿ ತಿಳಿಸಿತು, ಯಾಕೆ ಎಂದು ತಿಳಿಸಲಿಲ್ಲ. ಆ ಕೆಲಸ ನಿಮ್ಮದು, ಅದಕ್ಕೆ ಬೆರಳೆಣಿಕೆಯ ಲೆಕ್ಕ ಸಾಕು. ಡಿ5ರ ಮೇಲೆ ಬಿಳಿಯ ಏಟು ಎಷ್ಟು? ಒಂಟೆ, ರಾಣಿ, ಒಟ್ಟು ಎರಡು. ಕಪ್ಪಿನ ಕಾವಲು ಎಷ್ಟು? ಡಿ8ರ ರಾಣಿ, ಇ6ರ ರಾಜ, ಅದೂ ಎರಡು. ಎರಡಕ್ಕೆ ಎರಡು ಸಮವಾದಾಗ ಮೊದಲು ಹೊಡೆಯುವವನಿಗೆ ಲಾಭವೇನೂ ಇಲ್ಲ: ಒಂಟೆ ಕುದುರೆಯನ್ನು ತೆಗೆಯುತ್ತದೆ, ರಾಣಿ ಒಂಟೆಯನ್ನು ತೆಗೆಯುತ್ತದೆ, ರಾಣಿಗೆ ರಾಣಿ ಹೋಗುತ್ತದೆ, ಕೊನೆಗೆ ಡಿ5ರಲ್ಲಿ ನಿಲ್ಲುವುದು ಕಪ್ಪು ರಾಜ. ಆರನೇ ನಡೆಯಲ್ಲಿ ಎಫ್7ಕ್ಕಾಗಿ ಕೊಟ್ಟ ಕುದುರೆಯ ಸಾಲ ತೀರಲೇ ಇಲ್ಲ. ರಾಣಿಗಳೂ ಹೋದ ಮೇಲೆ ಹಲಗೆಯ ನಡುವೆ ನಿಂತ ರಾಜನಿಗೆ ಇನ್ನು ಹೆದರಿಕೆಯೂ ಇಲ್ಲ.

ಕುದುರೆ ಸಿ3 ಆಡಿದ್ದರೆ ಏಟು ಮೂರಾಗುತ್ತಿತ್ತು. ಡಿ5ರ ಕುದುರೆ ಒಂಟೆಯ ಗೆರೆಯಲ್ಲಿ ರಾಜನಿಗೆ ಪಿನ್ ಆಗಿದೆ, ಕದಲಿದರೆ ರಾಜನಿಗೇ ಚೆಕ್, ಹಾಗಾಗಿ ಅದು ಅಲ್ಲಾಡುವಂತಿಲ್ಲ. ಓಡಲಾಗದ ಕಾಯಿಯನ್ನು ಹೊಡೆಯಲು ಆತುರವೇನು? ಅದರ ಮೇಲೆ ಇನ್ನೊಂದು ಭಾರ ಹೇರಬೇಕು. ಆಗ ಕಪ್ಪು ಸಿ6ರ ಕುದುರೆಯನ್ನು ಬಿ4ಕ್ಕೋ ಇ7ಕ್ಕೋ ತಂದು ಮೂರನೇ ಕಾವಲು ಹಾಕಲೇಬೇಕು. ಇ7ಕ್ಕೆ ಬಂದರೆ ಬಿಳಿ ಡಿ4 ತಳ್ಳಿ ನಡುವಿನ ಗೆರೆಗಳನ್ನು ತೆರೆಯುತ್ತದೆ. ಬಿ4ಕ್ಕೆ ಬಂದರೆ ಅದೇ ಕುದುರೆ ಸಿ2ರ ಮೇಲೂ ಕಣ್ಣಿಡುತ್ತದೆ, ಆಟ ಚುರುಕಾಗುತ್ತದೆ. 9. ಎ3, ಕುದುರೆ×ಸಿ2 ಚೆಕ್, 10. ರಾಜ ಡಿ1 ಆದಮೇಲೆ ಕಪ್ಪು ಆಸೆಪಟ್ಟು ಎ1ರ ಆನೆಯನ್ನು ತಿಂದರೆ 11. ಕುದುರೆ×ಡಿ5 ಬರುತ್ತದೆ. ಮುಂದೆ ಸಿ7ರಲ್ಲಿ ಕಾಲಾಳು ಹೊಡೆದು ಕುದುರೆ ಮತ್ತು ಒಂಟೆಯಿಂದ ಒಟ್ಟಿಗೇ ಡಬಲ್ ಚೆಕ್ ಕಾದಿದೆ.

ಈ ಸಾಲುಗಳನ್ನು ಹಲಗೆಯಲ್ಲಿ ನೀವೇ ಆಡಿಸಿ ನೋಡಿದರೆ ಲಿಚೆಸ್ ಅವನ್ನು ಉಪಸಾಲುಗಳಾಗಿ ಉಳಿಸಿಕೊಳ್ಳುತ್ತದೆ. ನಡೆಪಟ್ಟಿಯಲ್ಲಿ ಇ7, ಬಿ4ರ ನಡೆಗಳಿಗೆ ‘ಸಿ’ ಅಕ್ಷರ ಸೇರಿರದಿದ್ದರೆ ಗಾಬರಿಬೇಡ. ಎರಡು ಕುದುರೆಗಳಲ್ಲಿ ಯಾವುದು ಎಂದು ತೋರಿಸಲು ಪುಸ್ತಕಗಳಲ್ಲಿ ಅದನ್ನು ಸೇರಿಸಿ ಬರೆಯುವುದುಂಟು, ಆದರೆ ಡಿ5ರ ಕುದುರೆ ಪಿನ್ ಆಗಿರುವುದರಿಂದ ಮಾನದಂಡದ ಪ್ರಕಾರ ಅದು ಬೇಕಿಲ್ಲ.

ಈಗ ಎಂಜಿನ್ ಹಚ್ಚುವ ಸಮಯ. ಇಲ್ಲಿರುವುದು ಸ್ಟಾಕ್‌ಫಿಶ್, ಅದು ನಿಮ್ಮ ಬ್ರೌಸರ್‌ನ ಒಳಗೇ ಓಡುತ್ತದೆ. ಕಂಪ್ಯೂಟರ್‌ನಲ್ಲಿ ‘ಎಲ್’ ಕೀಲಿ ಒತ್ತಿದರೆ ಶುರು, ಮತ್ತೆ ಒತ್ತಿದರೆ ನಿಲ್ಲುತ್ತದೆ. ಫೋನಿನಲ್ಲಿ ಹೆಚ್ಚು ಹೊತ್ತು ಓಡಿಸಿದರೆ ಫೋನ್ ಬಿಸಿಯಾಗಿ ಬ್ಯಾಟರಿ ಬೇಗ ಇಳಿಯುತ್ತದೆ, ಲೆಕ್ಕವೆಲ್ಲ ಅಲ್ಲೇ ನಡೆಯುತ್ತಿರುತ್ತದಲ್ಲ. ಓಪನಿಂಗ್‌ನ ಮೊದಲ ಕೆಲವು ನಡೆಗಳಲ್ಲಿ ಮಾತ್ರ ಕಾಯಬೇಕಾಗಿಲ್ಲ. ಬೇರೆಯವರು ಆಗಲೇ ಆಳವಾಗಿ ಲೆಕ್ಕ ಹಾಕಿಸಿದ ಸ್ಥಿತಿಗಳು ಕ್ಲೌಡ್ ಎಂಬ ಗುರುತಿನೊಂದಿಗೆ ತಕ್ಷಣ ಬರುತ್ತವೆ. ಸೆಟ್ಟಿಂಗ್‌ನಲ್ಲಿ ಸಾಲುಗಳ ಸಂಖ್ಯೆಯನ್ನು ಐದರವರೆಗೆ ಏರಿಸಬಹುದು. ಓಪನಿಂಗ್‌ಗೆ ಮೂರು ಸರಿ. ಒಂದೇ ಸಾಲಿಟ್ಟರೆ ಎಂಜಿನ್ ಹೇಳಿದ್ದೊಂದೇ ನಡೆ ಇರುವುದು ಎಂಬ ಭ್ರಮೆ ಬರುತ್ತದೆ. ಮೂರು ಸಾಲಿಟ್ಟು ಆರನೇ ನಡೆಗೆ ಹಿಂತಿರುಗಿ ನೋಡಿ. ಎಫ್7ರಲ್ಲಿ ಕುದುರೆ ಬಲಿ ಕೊಡದೆ ಡಿ4 ತಳ್ಳುವ ಲೊಲ್ಲಿ ದಾಳಿಯೂ ಬಿಳಿಗೆ ಒಳ್ಳೆಯ ಮೇಲುಗೈ ಕೊಡುತ್ತದೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ರಾಜನನ್ನು ಹಲಗೆಯ ನಡುವೆ ಅಟ್ಟಾಡಿಸುವ ಧೈರ್ಯವಿಲ್ಲದವರಿಗೆ ಅದೇ ವಾಸಿ.

ಎಂಜಿನ್‌ನ ಗುಣಗಳಲ್ಲಿ ಜನ ಬಳಸದೆ ಬಿಟ್ಟಿರುವುದೆಂದರೆ ಬೆದರಿಕೆ ತೋರಿಸುವ ‘ಎಕ್ಸ್’ ಕೀಲಿ. ಅದನ್ನು ಒತ್ತಿದರೆ ಈಗ ಆಡಬೇಕಾದವರು ಸುಮ್ಮನಿದ್ದರೆ ಎದುರಾಳಿ ಏನು ಮಾಡುತ್ತಾನೆ ಎಂದು ಬಾಣ ಬರುತ್ತದೆ. ನಮ್ಮ ಆಟದಲ್ಲಿ ಕಪ್ಪು ಹನ್ನೊಂದನೇ ನಡೆಗೆ ಕುದುರೆಯನ್ನು ಡಿ4ಕ್ಕೆ ತಂದಾಗ ನಿಲ್ಲಿಸಿ ‘ಎಕ್ಸ್’ ಒತ್ತಿ. ಬಾಣ ಸಿ2ರತ್ತ ತಿರುಗುತ್ತದೆ. ಆ ಕಾಲಾಳನ್ನು ಕಾಯಲು ಬಿಳಿಗೆ ದಾರಿಯಿರಲಿಲ್ಲ, ಆದರೆ ಆನೆಯನ್ನು ಎಫ್1ರಲ್ಲೇ ಬಿಟ್ಟಿದ್ದರೆ ಹೋಗುತ್ತಿದ್ದುದು ಒಂದು ಕಾಲಾಳು ಮಾತ್ರ, ಎ1ರ ಆನೆ ಬಿ1ಕ್ಕೆ ಸರಿಯುತ್ತಿತ್ತು. ಇ1ಕ್ಕೆ ತಂದು ಬಿಳಿ ತಾನೇ ಫೋರ್ಕ್‌ನ ಎರಡನೇ ಗುರಿಯನ್ನು ಒದಗಿಸಿತು. ಉತ್ತರ ತೋರಿಸದೆ ಪ್ರಶ್ನೆ ಮಾತ್ರ ತೋರಿಸುವ ಈ ಕೀಲಿ ಕಲಿಯುವವರಿಗೆ ಹೇಳಿ ಮಾಡಿಸಿದ್ದು.

ಪೂರ್ತಿ ಆಟದ ವರದಿ ಬೇಕಾದರೆ ಕಂಪ್ಯೂಟರ್ ವಿಶ್ಲೇಷಣೆ ಕೋರುವ ಗುಂಡಿ ಇದೆ. ಆ ಲೆಕ್ಕ ನಡೆಯುವುದು ಸ್ವಯಂಸೇವಕರು ಬಿಟ್ಟುಕೊಟ್ಟ ಯಂತ್ರಗಳಲ್ಲಿ. ಸ್ವಲ್ಪ ಹೊತ್ತಿನಲ್ಲಿ ಏರಿಳಿತದ ಗ್ರಾಫ್, ಸಣ್ಣ ತಪ್ಪು, ತಪ್ಪು, ದೊಡ್ಡ ತಪ್ಪುಗಳ ಎಣಿಕೆ, ಇಬ್ಬರಿಗೂ ಒಂದೊಂದು ನಿಖರತೆಯ ಶೇಕಡಾವಾರು ಬರುತ್ತವೆ. ಗ್ರಾಫ್ ಬಹಳ ಚೆನ್ನಾಗಿದೆ. ಈ ಆಟದಲ್ಲಿ ಐದನೇ ನಡೆಯಿಂದ ಬಿಳಿಯತ್ತ ಏರಿದ ಗೆರೆ ಎಂಟನೇ ನಡೆಗೆ ಧೊಪ್ಪನೆ ಕಪ್ಪಿನತ್ತ ಬೀಳುತ್ತದೆ, ಎಲ್ಲಿ ನೋಡಬೇಕೆಂದು ಬೆರಳು ಮಾಡಿ ತೋರಿಸಿದ ಹಾಗೆ.

ಎಣಿಕೆಯನ್ನು ಅರ್ಥ ಮಾಡಿಕೊಳ್ಳಲು ಹಿಂದಿನ ಲೆಕ್ಕ ತಿಳಿದಿರಬೇಕು. ಲಿಚೆಸ್ ತಪ್ಪನ್ನು ಅಳೆಯುವುದು ಎಷ್ಟು ಕಾಲಾಳಿನ ನಷ್ಟ ಎಂದಲ್ಲ, ಗೆಲ್ಲುವ ಸಾಧ್ಯತೆ ಎಷ್ಟು ಇಳಿಯಿತು ಎಂದು. ಅದರ ಸೂತ್ರದಲ್ಲಿ +9 (ಒಂಬತ್ತು ಕಾಲಾಳಿನಷ್ಟು ಮೇಲುಗೈ) ಎಂದರೆ ಸುಮಾರು 96.5 ಶೇಕಡಾ, +6 ಎಂದರೆ 90. ಅಂದರೆ ಮೂರು ಕಾಲಾಳಿನಷ್ಟು ಕಳೆದುಕೊಂಡರೂ ಇಳಿದದ್ದು ಆರೂವರೆ. ಅದೇ +1.5ರಿಂದ −1.5ಕ್ಕೆ ಬಂದರೆ 63.5ರಿಂದ 36.5ಕ್ಕೆ, 27 ಇಳಿತ. ಕಳೆದುಕೊಂಡದ್ದು ಎರಡರಲ್ಲೂ ಮೂರೇ. ಈ ಪದ್ಧತಿ ನ್ಯಾಯವಾದದ್ದು, ಆಟ ಸಮಬಲದಲ್ಲಿರುವಾಗಿನ ತಪ್ಪಿಗೆ ಬೆಲೆ ಹೆಚ್ಚು ಎಂಬುದನ್ನು ಅದು ಗುರುತಿಸುತ್ತದೆ. ಅದರ ಇನ್ನೊಂದು ಮುಖ ಎಂದರೆ, ಗೆದ್ದಾಗಿರುವ ಆಟದಲ್ಲಿ ಸಡಿಲವಾಗಿ ಆಡಿದರೂ ಕೆಂಪು ಗುರುತು ಬೀಳುವುದಿಲ್ಲ. ಗುರುತಿಲ್ಲದ ನಡೆಯೆಲ್ಲ ಒಳ್ಳೆಯ ನಡೆ ಎಂದು ತಿಳಿಯಬಾರದು.

ನಿಖರತೆಯ ಶೇಕಡಾವಾರನ್ನು ಮಾತ್ರ ಓಪನಿಂಗ್ ಕಲಿಯುವವರು ನೋಡದಿರುವುದೇ ಮೇಲು. ಹನ್ನೆರಡು ನಡೆಗಳ ಆಟದಲ್ಲಿ ಮೊದಲ ನಾಲ್ಕು ನಡೆ ಎಲ್ಲರಿಗೂ ಬಾಯಿಪಾಠ. ನಡುವೆ ರಾಜ×ಎಫ್7, ರಾಣಿ×ಡಿ5, ರಾಜ×ಡಿ5 ಇಂಥವು ವಾಪಸ್ ಹೊಡೆಯುವ ನಡೆಗಳು, ಅಲ್ಲಿ ಆಲೋಚನೆಗೆ ಜಾಗವೇ ಇಲ್ಲ. ಇವೆಲ್ಲಕ್ಕೂ ಪೂರ್ತಿ ಅಂಕ ಬೀಳುತ್ತದೆ. ನಿಜವಾಗಿ ತೀರ್ಮಾನ ತೆಗೆದುಕೊಳ್ಳಬೇಕಾದದ್ದು ಕಪ್ಪಿಗೆ ಐದನೇ ನಡೆ, ಬಿಳಿಗೆ ಎಂಟು ಮತ್ತು ಹನ್ನೆರಡನೇ ನಡೆ. ಆ ಮೂರರಲ್ಲೂ ಆಡಿದವರು ತಪ್ಪಿದ್ದಾರೆ. ಶೇಕಡಾವಾರು ಎಷ್ಟೇ ಬಂದರೂ ಈ ಸತ್ಯವನ್ನು ಅದು ಮುಚ್ಚುತ್ತದೆ. ಗೆದ್ದ ಕಪ್ಪಿಗಂತೂ ಐದನೇ ನಡೆಯನ್ನು ಮರೆತುಬಿಡುವ ಅಪಾಯ ಹೆಚ್ಚು.

ವರದಿಯ ಕೆಳಗೆ ನಿಮ್ಮ ತಪ್ಪುಗಳಿಂದ ಕಲಿಯಿರಿ ಎಂಬರ್ಥದ ಒಂದು ಗುಂಡಿ ಇರುತ್ತದೆ. ಅದನ್ನು ಬಿಡಬೇಡಿ. ತಪ್ಪಿದ ಸ್ಥಿತಿಯನ್ನು ಮುಂದಿಟ್ಟು ಬೇರೆ ನಡೆ ಹುಡುಕಲು ಹೇಳುತ್ತದೆ, ಎಂಜಿನ್‌ನ ಮೊದಲ ನಡೆಯೇ ಆಗಬೇಕೆಂದೂ ಹಟ ಹಿಡಿಯುವುದಿಲ್ಲ. ಸೋತವರಿಗಿಂತ ಗೆದ್ದವರು ಇದನ್ನು ಮಾಡುವುದು ಮುಖ್ಯ. ಹಲಗೆಯನ್ನು ತಿರುಗಿಸಿ ಕಪ್ಪಿನ ಕಡೆಯಿಂದ ಮಾಡಿ.

ಒಂದು ಎಚ್ಚರಿಕೆ. ಆಟ ನಡೆಯುತ್ತಿರುವಾಗ ಇವುಗಳಲ್ಲಿ ಯಾವುದನ್ನೂ ಮುಟ್ಟುವಂತಿಲ್ಲ. ದಿನಗಟ್ಟಲೆ ನಡೆಯುವ ಕರೆಸ್ಪಾಂಡೆನ್ಸ್ ಆಟಗಳಲ್ಲಿ ಮಾತ್ರ ಎಕ್ಸ್‌ಪ್ಲೋರರ್‌ಗೂ ಓಪನಿಂಗ್ ಪುಸ್ತಕಗಳಿಗೂ ಅನುಮತಿ ಇದೆ, ಎಂಜಿನ್‌ಗೆ ಅಲ್ಲೂ ಇಲ್ಲ.

ಕಲಿತದ್ದನ್ನು ಕೂಡಿಡಲು ಸ್ಟಡಿ ವಿಭಾಗ. ಒಂದು ಸ್ಟಡಿಯಲ್ಲಿ 64 ಅಧ್ಯಾಯಗಳವರೆಗೆ ಹಾಕಬಹುದು. ಟು ನೈಟ್ಸ್‌ಗೆ ಆರಂಭದಲ್ಲಿ ಮೂರು ಸಾಕು: ಒಂದರಲ್ಲಿ ಈ ಆಟ ಇದ್ದ ಹಾಗೆ, ಇನ್ನೊಂದರಲ್ಲಿ 5...ಕುದುರೆ ಎ5, ಮತ್ತೊಂದರಲ್ಲಿ 8. ಕುದುರೆ ಸಿ3ರಿಂದ ಮುಂದೆ. ಎಂಜಿನ್ ಸಾಲುಗಳನ್ನು ಇಪ್ಪತ್ತು ನಡೆ ಉದ್ದಕ್ಕೆ ಸುರಿದರೆ ಆ ಸ್ಟಡಿಯನ್ನು ಯಾರೂ ಮತ್ತೆ ತೆರೆಯುವುದಿಲ್ಲ, ಬರೆದವರೂ ಸಹ. ಪ್ರತಿ ಸಾಲನ್ನು ನಿಮಗೆ ಕಾರಣ ಹೇಳಲು ಬರುವಲ್ಲಿಗೆ ನಿಲ್ಲಿಸಿ. ಮೌಸ್‌ನ ಬಲಗುಂಡಿ ಒತ್ತಿ ಎಳೆದರೆ ಹಸಿರು ಬಾಣ, ಶಿಫ್ಟ್ ಹಿಡಿದು ಎಳೆದರೆ ಕೆಂಪು, ಆಲ್ಟ್ ಹಿಡಿದರೆ ನೀಲಿ. ಏಟಿಗೆ ಕೆಂಪು, ಕಾವಲಿಗೆ ಹಸಿರು ಎಂದಿಟ್ಟುಕೊಂಡರೆ ಏಳನೇ ನಡೆಯ ನಂತರದ ಡಿ5 ಒಂದೇ ನೋಟಕ್ಕೆ ಓದಲು ಸಿಗುತ್ತದೆ, ಎರಡು ಕೆಂಪು, ಎರಡು ಹಸಿರು.

ಮೂರನೇ ಅಧ್ಯಾಯವನ್ನು ತೆರೆಯುವಾಗ ಅದರ ಬಗೆಯನ್ನು ಇಂಟರಾಕ್ಟಿವ್ ಪಾಠ ಎಂದು ಬದಲಿಸಿ, ಸುಳಿವಿನ ಜಾಗದಲ್ಲಿ ‘ಡಿ5ರ ಮೇಲೆ ಏಟು ಎಷ್ಟು, ಕಾವಲು ಎಷ್ಟು?’ ಎಂದಷ್ಟೇ ಬರೆಯಿರಿ. ತಪ್ಪು ನಡೆಗೆ ಬರುವ ಉತ್ತರವನ್ನೂ ನೀವೇ ಹಾಕಬಹುದು. ಒಂಟೆ×ಡಿ5 ಆಡಿದವರಿಗೆ ಉಪಸಾಲಿನಲ್ಲಿ ಪೂರ್ತಿ ವಿನಿಮಯ ಆಡಿಸಿ, ಡಿ5ರಲ್ಲಿ ಕಪ್ಪು ರಾಜ ನಿಂತಾಗ ಎರಡೂ ಕಡೆಯ ಕಾಯಿ ಎಣಿಸಲು ಹೇಳಿ. ವಾರದ ನಂತರ ಎಂಜಿನ್ ಮತ್ತು ಎಕ್ಸ್‌ಪ್ಲೋರರ್ ಎರಡನ್ನೂ ಆಫ್ ಇಟ್ಟು ಇದೇ ಅಧ್ಯಾಯವನ್ನು ಮೊದಲಿಂದ ಆಡಿ. ಕೈ ತಾನಾಗಿ ಸಿ3ರತ್ತ ಹೋಗದಿದ್ದರೆ ಹೊಸ ಸಾಲು ಸೇರಿಸುವುದನ್ನು ನಿಲ್ಲಿಸಿ, ಮೊದಲ ಎಂಟು ನಡೆಗಳನ್ನೇ ಇನ್ನೊಮ್ಮೆ ಆಡಿ.